ಹಳೆಯ ಬಂದೂಕಿನ ನಳಿಗೆಯ ಪರೀಕ್ಷೆ
(ಅಬ್ಬಿಗೇರಿಯ ಒಕ್ಕಲಿಗರ ಸಭೆಯಲ್ಲಿ ಮಾಡಿದ ಭಾಷಣ)



ರೋಣ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿಯ ಜೋಳ, ಕಡಲೆಗಳು ಕೈಗೆ ಬರುವ ಹೊತ್ತಿಗೆ ಚಿಗರಿಗಳ ಹಾಗೂ ಕಾಡುಹಂದಿಗಳ ಕಾಟವು ಮೊದಲಾಗುವದು. ಆಗ ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಬಂದೂಕು ಗೂಟದಿಂದ ಕೆಳಗಿಳಿಯುವದು. 1959ರ ಆಯುಧ ಕಾಯಿದೆಯು ಬೆಳೆಯ ರಕ್ಷಣೆಗಾಗಿ, ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸು ಕೊಡಲು ಆಸ್ಪದವಿತ್ತಿದೆ. ಆದರೆ 1972ರ ವನ್ಯಜೀವಿ ರಕ್ಷಣಾ ಕಾಯಿದೆಯಂತೆ ಚಿಗರಿಯನ್ನು ಹೊಡೆಯುವದು ದೊಡ್ಡ ಅಪರಾಧವು. ಹಂದಿಯನ್ನಾದರೂ ಅಪ್ಪಣೆಯಿಲ್ಲದೆ ಕೊಲ್ಲಲಾಗದು. ಆದ್ದರಿಂದ ಬಂದೂಕಿನ ಕೆಲಸವು ಬಹುಮಟ್ಟಿಗೆ ಸಪ್ಪಳ ಮಾಡಿ ಬೆದರಿಸುವದಷ್ಟೇ. ಸಪ್ಪಳ ಹೆಚ್ಚಾಗಲೆಂದು ಮದ್ದನ್ನು ಹೆಚ್ಚಾಗಿ ಜಡಿಯುವಲ್ಲಿಯೇ ಅಪಾಯವು ಹುಟ್ಟುವದು. ನಳಿಗೆ ಒಡೆದರೆ ಮೊದಲು ಹೋಗುವದು ಅದನ್ನು ಹಿಡಿದ ಎಡಗೈ, ಆ ಮೇಲೆ ಕಣ್ಣು.

ಆಯುಧವನ್ನು ಒಪ್ಪಿಸಲೊಲ್ಲದೆ 1857ರಲ್ಲಿ ಹಲಗಲಿಯ ಬೇಡರು ಎದ್ದು ನಿಂತ ನಾಡು ಇದು. ಮನೆತನದ ಬಂದೂಕಿನ ಮೇಲೆ ಅಭಿಮಾನವಿರುವದು ಸಹಜವೇ. ಆದರೆ ಅಭಿಮಾನವು ನಳಿಗೆಗೆ ಬಲವನ್ನು ಕೊಡಲಾರದು. "ಹೋದ ವರ್ಷ ಹಾರಿತ್ತು" ಎಂಬುದೂ ಸಾಕ್ಷಿಯಲ್ಲ. ತುಕ್ಕು ವರ್ಷವರ್ಷಕ್ಕೂ ಲೋಹವನ್ನು ತಿನ್ನುತ್ತಲೇ ಇರುವದು.

ಮೊದಲನೆಯದಾಗಿ, ಬಂದೂಕು ಬರಿದಾಗಿದೆಯೇ ಎಂದು ನೋಡತಕ್ಕದ್ದು. ತೋಟೆಯ ಬಂದೂಕನ್ನು ಮುರಿದು ನೋಡಿದರೆ ತಿಳಿಯುವದು. ಬಾಯಿಯಿಂದ ತುಂಬುವದಾದರೆ ಕೇಪನ್ನು ತೆಗೆದು, ಮೈಯನ್ನು ಬಾಯಿಯ ನೇರದಿಂದ ಸರಿಸಿಕೊಂಡು, ಗಜವನ್ನು ಒಳಗೆ ತಳವರೆಗೆ ಇಳಿಬಿಟ್ಟು, ಬಾಯಿಯ ಬಳಿ ಗುರುತು ಮಾಡಬೇಕು. ಅನಂತರ ಗಜವನ್ನು ಹೊರಗೆ ನಳಿಗೆಯ ಪಕ್ಕದಲ್ಲಿ ಹಿಡಿದು ಅಳೆಯಬೇಕು. ಅದರ ತುದಿಯು ಕೇಪು ಕೂಡುವ ಮೊಳೆಯ ತನಕ ಮುಟ್ಟದಿದ್ದರೆ ಒಳಗೆ ಏನೋ ಇದೆಯೆಂದು ತಿಳಿಯಬೇಕು. ಅದು ಹಳೆಯ ಮದ್ದು ಇರಬಹುದು, ಚಿಂದಿ ಇರಬಹುದು, ಕಣಜದ ಹುಳವು ಕಟ್ಟಿದ ಮಣ್ಣಿನ ಗೂಡೂ ಇರಬಹುದು. ಮದ್ದಿನ ಸಂಶಯವಿದ್ದಲ್ಲಿ ಕೆದಕದೆ, ಬಲ್ಲ ಕೆಲಸಗಾರನಿಗೆ ಬಿಡುವದು ಲೇಸು. ಮಳೆಯ ಹೊಲದಲ್ಲಿ ಬಾಯಿಗೆ ಮೆತ್ತಿದ ಎರೆಮಣ್ಣು ಸಹ ಗಟ್ಟಿ ನಳಿಗೆಯನ್ನು ಸೀಳಬಲ್ಲದು.

ಎರಡನೆಯದು, ನಳಿಗೆಯ ಜಾತಿ. ಮೈಮೇಲೆ ನೀರಿನ ತೆರೆಯಂತಹ ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆಯು. ಕಬ್ಬಿಣ, ಉಕ್ಕುಗಳ ಪಟ್ಟಿಗಳನ್ನು ಹುರಿಮಾಡಿ, ಸರಳಿಗೆ ಸುತ್ತಿ, ಕಾಸಿ ಬಡಿದು ಬೆಸೆದು ಇವನ್ನು 19ನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮ್, ಲಿಯೇಜ್ ಮೊದಲಾದ ಊರುಗಳಲ್ಲಿ ಮಾಡುತ್ತಿದ್ದರು. ನೋಡಲು ಚೆಲುವಾದರೂ ಉದ್ದಕ್ಕೂ ಬೆಸುಗೆಯೇ. ಬೆಸುಗೆಯ ಸಂದಿನಲ್ಲಿ ಅಡಗಿದ ತುಕ್ಕು ಹೊರಗಣ್ಣಿಗೆ ಕಾಣದು. ಇವುಗಳಲ್ಲಿ ಹೆಚ್ಚಿನವು ಕರಿಮದ್ದಿಗಾಗಿ ಮಾತ್ರ ಪರೀಕ್ಷಿತವಾದವು. ಹೊಗೆಯಿಲ್ಲದ ಮದ್ದಿನ ಪರೀಕ್ಷೆಗೆ ನಿಂತ ಇಂಗ್ಲಿಷ್ ನಳಿಗೆಗಳ ಅಡಿಯಲ್ಲಿ ಎನ್.ಪಿ. ಎಂಬ ಅಕ್ಷರಗಳಾಗಲಿ, ನೈಟ್ರೋ ಪ್ರೂಫ್ ಎಂಬ ಶಬ್ದಗಳಾಗಲಿ ಇರುವವು. ಆ ಗುರುತಿಲ್ಲದ ನಳಿಗೆಯಲ್ಲಿ ಈಗಿನ ತೋಟೆಯನ್ನು ಹಾಕಲಾಗದು. ತೋಟೆಯನ್ನೊಡೆದು ಅದರ ಮದ್ದನ್ನು ಬಾಯಿಯಿಂದ ತುಂಬುವ ಬಂದೂಕಿಗೆ ಸುರಿಯುವದಂತೂ ಜೀವಕ್ಕೇ ಮೃತ್ಯುವು.

ಮೂರನೆಯದು, ಒಳಮೈ. ತೋಟೆಯ ಬಂದೂಕಿನ ನಳಿಗೆಗಳನ್ನು ಕಳಚಿ, ಎಣ್ಣೆ ಒರಸಿ, ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಕಡೆಯಿಂದ ನೋಡಬೇಕು. ಕಿಟಕಿಯ ಸರಳಿನ ನೆರಳು ಒಳಗೆ ನೆಟ್ಟಗೆ ಹರಿದರೆ ಒಳ್ಳೆಯದು. ಒಂದೆಡೆ ಸೊಟ್ಟಾದರೆ ಅಲ್ಲಿ ತಗ್ಗಿದೆ. ಉಂಗುರದಂತಹ ನೆರಳು ಕಂಡರೆ ಅಲ್ಲಿ ಉಬ್ಬಿದೆ. ಕರಿಮದ್ದಿನ ಮಸಿಯು ಗಾಳಿಯ ತೇವವನ್ನು ಹೀರಿ ಲೋಹವನ್ನು ಕೊರೆಯುವದರಿಂದ ಸಿಡುಬಿನ ಕಲೆಯಂತಹ ಕುಳಿಗಳು ಬೀಳುವವು. ತೋಟೆ ಕೂಡುವ ಹಿಂಬದಿಯಲ್ಲಿ ಹಾಗೂ ಎಡಗೈ ಹಿಡಿಯುವ ಸ್ಥಳದಲ್ಲಿ ಆಳವಾದ ಕುಳಿಗಳಿದ್ದರೆ ಆ ನಳಿಗೆಯನ್ನು ಬಿಟ್ಟುಬಿಡತಕ್ಕದ್ದು.

ನಾಲ್ಕನೆಯದು, ಸಪ್ಪಳ. ಸಂತೆಯಲ್ಲಿ ಗಡಿಗೆಯನ್ನು ಬಡಿದು ಕೊಳ್ಳುವಂತೆ, ಜೋಡು ನಳಿಗೆಯನ್ನು ದಾರದಿಂದ ತೂಗಬಿಟ್ಟು ಕಟ್ಟಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಂಟೆಯಂತೆ ನುಡಿದರೆ ನಡುವಣ ಬೆಸುಗೆಯು ಬಿಗಿಯಾಗಿದೆ. ಒಡಕು ದನಿ ಬಂದರೆ ಬಿಟ್ಟಿದೆ. ಆದರೆ ಗಂಟೆಯ ದನಿಯು ನಳಿಗೆಯ ದಪ್ಪವನ್ನು ಹೇಳಲಾರದು.

ಐದನೆಯದು, ಕೂಡುವ ಕೀಲು. ನಳಿಗೆಯನ್ನು ಕೂಡಿಸಿ ಮುಚ್ಚಿದ ಮೇಲೆ ಅದು ಅಲ್ಲಾಡಿದರೂ, ಹಿಂಬದಿಯ ಸಂದಿನಿಂದ ಬೆಳಕು ತೋರಿದರೂ ಆ ಬಂದೂಕು ಹಾರಿಸಲು ಯೋಗ್ಯವಲ್ಲ.

ಇಷ್ಟೂ ಸರಿಯಾಗಿದ್ದರೆ ನಳಿಗೆಯು ನಿರ್ಭಯವೆಂದು ತಿಳಿಯಲಾಗದು. ಮನೆಯ ಪರೀಕ್ಷೆಯು ಕೆಟ್ಟ ನಳಿಗೆಯನ್ನು ತಳ್ಳಿಹಾಕಬಲ್ಲದು. ಒಳ್ಳೆಯದೆಂದು ಒಪ್ಪಿಗೆ ಕೊಡಲಾರದು. ಆ ಒಪ್ಪಿಗೆಗೆ ಲೈಸೆನ್ಸುಳ್ಳ ಬಂದೂಕಿನ ಕೆಲಸಗಾರನು ಅಳತೆಯ ಉಪಕರಣದಿಂದ ನಳಿಗೆಯ ದಪ್ಪವನ್ನೂ ಒಳಗಿನ ಅಗಲವನ್ನೂ ಅಳೆಯಬೇಕು. 12ನೆಯ ನಂಬರಿನ ನಳಿಗೆಯ ಒಳಗಲವು ಮೂಲದಲ್ಲಿ ಅಂಗುಲದ ಸಾವಿರದಲ್ಲಿ 729 ಪಾಲು. ತುಕ್ಕನ್ನು ಉಜ್ಜಿ ಹೊಳಪಿಸಿದಷ್ಟೂ ಅದು ಹಿಗ್ಗಿ, ಗೋಡೆಯು ತೆಳ್ಳಗಾಗುವದು. ಹೊಳೆಯುವ ಒಳಮೈಯನ್ನು ನಂಬಿ ಮೋಸಹೋಗುವದು ಹೀಗೆಯೇ.

ಬಾಯಿಯ ಬಳಿ ಉಬ್ಬಿದ ನಳಿಗೆಯನ್ನು ಅದಕ್ಕೆಂದು ಪಡೆದ ಲೈಸೆನ್ಸಿಲ್ಲದೆ ಕೊಯ್ದು ಮೋಟು ಮಾಡುವದನ್ನು 1959ರ ಕಾಯಿದೆಯ 6ನೆಯ ಕಲಮು ನಿಷೇಧಿಸಿದೆ. ಸಂಶಯಕ್ಕೆ ಬಿದ್ದ ಬಂದೂಕನ್ನು ಪೋಲೀಸು ಠಾಣೆಯಲ್ಲಾಗಲಿ, ಲೈಸೆನ್ಸುಳ್ಳ ವ್ಯಾಪಾರಿಯ ಬಳಿಯಲ್ಲಾಗಲಿ ಇರಿಸಿ ರಸೀದಿ ಪಡೆಯಬೇಕು. ಹೊಲ ಕಾಯುವದಕ್ಕೆ ತಮಟೆ, ಡಬ್ಬಿ, ಬೇಲಿಗಳು ಇದ್ದೇ ಇವೆ. ತಿಂದುಹೋದ ಕಡಲೆಯು ಮುಂದಿನ ಹಿಂಗಾರಿಗೆ ಮರಳಿ ಬೆಳೆಯುವದು. ಹೋದ ಕೈ ಮರಳಿ ಬಾರದು.