ಮಹಜರಿಗೆ ಸಹಿ ಹಾಕುವ ಮುನ್ನ



ವೇದಿಕೆ ಮೇಲೆ ಗುಡುಗುವುದು ಸುಲಭ. ಕೋರ್ಟಿಗೆ ಗುಡುಗು ಬೇಡ, ದಾಖಲೆ ಬೇಕು. ಕೊಟ್ಟರೂ ‘ಇದು ಅದೇ ದಾಖಲೆ ಎನ್ನುವುದಕ್ಕೆ ಏನು ಆಧಾರ?’ ಎಂದು ಕೇಳುತ್ತದೆ.

2008ರ ಜುಲೈ 25ನ್ನು ನೆನಪಿಸಿಕೊಳ್ಳಿ. ಆಗ ಚಿಕ್ಕವರಿದ್ದವರು ಮನೆಯಲ್ಲಿ ಕೇಳಿ. ನಮ್ಮ ಮೈಸೂರು ರಸ್ತೆಯ ನಾಯಂಡಹಳ್ಳಿಯೂ ಸೇರಿ ನಗರದ ಹಲವೆಡೆ ಬಾಂಬು ಸಿಡಿದವು. ಒಬ್ಬ ಹೆಣ್ಣುಮಗಳು ಪ್ರಾಣ ಬಿಟ್ಟಳು. ಪೊಲೀಸರು ಲ್ಯಾಪ್‌ಟಾಪ್, ಪೆನ್‌ಡ್ರೈವ್, ಸಿಮ್ ಕಾರ್ಡುಗಳನ್ನು ವಶಪಡಿಸಿಕೊಂಡು ಹೈದರಾಬಾದಿನ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. 2010ರಲ್ಲಿ ವರದಿ ಬಂತು. ಮುಗಿಯಿತೇ? ಎಲ್ಲಿ ಮುಗಿಯಿತು! ಸಾಕ್ಷ್ಯ ಕಾಯ್ದೆಯ 65-ಬಿ ಕಲಂ ಕೇಳುವ ಪ್ರಮಾಣಪತ್ರ ಜೊತೆಗಿರಲಿಲ್ಲ. ಅದು ಸಿಕ್ಕಿದ್ದು 2017ರಲ್ಲಿ. ತಡವಾಯಿತೆಂದು ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ವಿಚಾರಣೆ ಮುಗಿದಿಲ್ಲವಾದ್ದರಿಂದ ಸಲ್ಲಿಸಬಹುದು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2023ರ ನವೆಂಬರ್ 6ರಂದು. ಒಂದು ಹಾಳೆಗಾಗಿ ಇಷ್ಟು ವರ್ಷ!

ಕಾನೂನಿನದು ಬರೀ ಹಟ ಎನ್ನಬೇಡಿ. ಕಂಪ್ಯೂಟರಿನೊಳಗಿನದನ್ನು ಯಾರು ಬೇಕಾದರೂ ತಿದ್ದಬಹುದು. ನಾಳೆ ಚಳವಳಿಯ ಕೇಸಿನಲ್ಲಿ ಕಟಕಟೆಯಲ್ಲಿ ನಿಲ್ಲುವವರು ನೀವೇ ಆಗಿರಬಹುದು.

2024ರ ಜುಲೈ 1ರಿಂದ ಆ ಹಳೆಯ 1872ರ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. 65-ಬಿ ಬದಲು ಈಗ 63ನೇ ಕಲಂ. ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದು ಸಲ್ಲಿಸುವವರದು, ಇನ್ನೊಂದು ತಜ್ಞರದು. ಅದರಲ್ಲಿ ಕಡತದ ‘ಹ್ಯಾಶ್’ ಬರೆಯಬೇಕು. ಅದು ಕಡತದ ಹೆಬ್ಬೆಟ್ಟಿನ ಗುರುತು ಅನ್ನಿ; ಒಂದಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ಆದ್ದರಿಂದ ಧರಣಿಯಲ್ಲಿ ಲಾಠಿ ಬೀಸಿದ್ದನ್ನು ಚಿತ್ರಿಸಿದ ಫೋನನ್ನೇ ಜೋಪಾನ ಮಾಡಿ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿದ ತುಣುಕನ್ನು ನಂಬಿ ಕೂರಬೇಡಿ.

ಇನ್ನು ದೊಣ್ಣೆ, ಚಾಕು, ರಕ್ತದ ಬಟ್ಟೆ. ಮುದ್ದೆಮಾಲಿಗೆ ಬಾಯಿಲ್ಲ, ಅದರ ಪರವಾಗಿ ಮಾತಾಡುವವರು ಪಂಚರು. ಮನೆ ಶೋಧನೆಗೆ ಆ ಬಡಾವಣೆಯ ಇಬ್ಬರಾದರೂ ಮರ್ಯಾದಸ್ಥರು ಸಾಕ್ಷಿಯಾಗಿರಬೇಕು. ಬೇಕರಿ ಮುಂದೆ ಟೀ ಕುಡಿಯುತ್ತಿದ್ದ ನಿಮ್ಮನ್ನೇ ಕರೆದಾರು! ಎಷ್ಟೋ ಜನ ಓದದೆ ಸಹಿ ಹಾಕಿ, ವರ್ಷಗಳ ಮೇಲೆ ಕೋರ್ಟಿನಲ್ಲಿ ‘ಠಾಣೆಯಲ್ಲಿ ಸಹಿ ಮಾಡಿಸಿಕೊಂಡರು, ಒಳಗೇನಿದೆಯೋ ಗೊತ್ತಿಲ್ಲ’ ಅನ್ನುತ್ತಾರೆ. ಕೇಸು ಅಲ್ಲೇ ನೆಲ ಕಚ್ಚುತ್ತದೆ.

ಕನ್ನಡದ ಪ್ರಶ್ನೆ ಬರುವುದೇ ಇಲ್ಲಿ. ನಮ್ಮ ಕೆಳಹಂತದ ನ್ಯಾಯಾಲಯಗಳ ಭಾಷೆ ಕನ್ನಡ. ಹೊರಗಿನಿಂದ ಬಂದ ಅಧಿಕಾರಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಹಜರು ಬರೆದು ಮುಂದಿಟ್ಟರೆ, ‘ಕನ್ನಡದಲ್ಲಿ ಓದಿ ಹೇಳಿ, ಓದಿ ಹೇಳಿದ್ದೇವೆಂದು ಬರೆಯಿರಿ, ಆಮೇಲೆ ಸಹಿ’ ಎನ್ನಿ. ಜಗಳ ಬೇಡ, ಅಷ್ಟೇ ಎನ್ನಿ. ಸಾಕ್ಷಿಕಟ್ಟೆಯಲ್ಲೂ ಹರಕು ಇಂಗ್ಲಿಷು ಬೇಡ. ಕೋರ್ಟಿನ ಭಾಷೆಯಲ್ಲಿ ಹೇಳಿದ ಸಾಕ್ಷ್ಯವನ್ನು ಆ ಭಾಷೆಯಲ್ಲೇ ಬರೆದುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ.

ಶೋಧನೆ ನಿಮ್ಮ ಮನೆಯದೇ ಆದರೆ, ಪಂಚರ ಸಹಿಯಿರುವ ವಸ್ತುಪಟ್ಟಿಯ ಪ್ರತಿಯನ್ನು ಕೇಳಿ ಪಡೆಯಿರಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧನೆ, ಜಪ್ತಿ, ಪಟ್ಟಿ ಬರೆದು ಸಹಿ ಮಾಡುವುದು, ಇಷ್ಟನ್ನೂ ವಿಡಿಯೋ ಮಾಡಲೇಬೇಕು. ಮಾಡುತ್ತಿದ್ದಾರೋ ಇಲ್ಲವೋ, ಕಣ್ಣಿಟ್ಟು ನೋಡಿ.