ವಿದ್ಯಾಲಯದೊಳಗಿನ ಮದ್ದಿನ ಮನೆ

ಬೀದರ ನಗರದ ಚೌಬಾರಾದಿಂದ ಕೋಟೆಯ ಕಡೆಗೆ ನಡೆದು ಹೋಗುವವರಿಗೆ ದಾರಿಯ ಬದಿಯಲ್ಲಿ ಒಂದು ಭಾರಿ ಕಟ್ಟಡ ಎದುರಾಗುತ್ತದೆ. ಮೂರು ಅಂತಸ್ತು, ಒಂದೇ ಒಂದು ಮೀನಾರು, ಆ ಮೀನಾರಿನ ಮೈಮೇಲೆ ಅಲ್ಲಲ್ಲಿ ಉಳಿದುಕೊಂಡ ಮೆರುಗು ಹೆಂಚಿನ ಬಣ್ಣಗಳು. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿ ಮುಗಿಸಿದ ಮದರಸ ಅದು. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಈ ವಿದ್ವಾಂಸ ತನ್ನ ನಾಡಿನ ವಿದ್ಯಾಲಯಗಳ ಮಾದರಿಯನ್ನು ಬೀದರದ ಜಂಬಿಟ್ಟಿಗೆ ನೆಲದ ಮೇಲೆ ನಿಲ್ಲಿಸಿದ. ನಡುವೆ ವಿಶಾಲವಾದ ಅಂಗಳ, ಸುತ್ತಲೂ ವಿದ್ಯಾರ್ಥಿಗಳ ಕೊಠಡಿಗಳು, ಉಪನ್ಯಾಸದ ಹಜಾರ, ಮಸೀದಿ, ಗ್ರಂಥಾಲಯ, ಗುರುಗಳಿಗೆ ಬೇರೆ ವಸತಿ. ಬೇಸಗೆಯ ಮಧ್ಯಾಹ್ನ ಒಳಗೆ ಹೋಗಿ ನಿಂತವರಿಗೆ ಒಂದು ಮಾತು ತಾನಾಗಿ ಹೊಳೆಯುತ್ತದೆ: ಇಲ್ಲಿ ಓದುವವನ ಕಣ್ಣಿಗೆ ಬೆಳಕು ಬೇಕು, ಎದೆಗೆ ಗಾಳಿ ಬೇಕು ಎಂಬುದನ್ನು ಕಟ್ಟಿದವನು ಮೊದಲೇ ಯೋಚಿಸಿದ್ದ. ಇತ್ತೀಚೆಗೆ ಕಟ್ಟಿದ ನಮ್ಮ ಎಷ್ಟೋ ಕಾಲೇಜುಗಳ ಬಗ್ಗೆ ಈ ಮಾತನ್ನು ಹೇಳಲಾಗುವುದಿಲ್ಲ.

ಆದರೆ ಮೀನಾರು ಒಂದೇ ಏಕೆ? ಮುಂಭಾಗದ ಎರಡು ಮೂಲೆಗಳಲ್ಲಿ ಎರಡು ಮೀನಾರುಗಳಿದ್ದುವು. ಔರಂಗಜೇಬನು ಬೀದರವನ್ನು ಗೆದ್ದ ಮೇಲೆ ಈ ವಿದ್ಯಾಲಯದ ಕೊಠಡಿಗಳು ಸೈನಿಕರ ವಸತಿಗೆ ಹೋದುವು. ಕೆಲವದರಲ್ಲಿ ಬಾರೂದು ತುಂಬಿದರು. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ, 1696ರ ಸುಮಾರಿಗೆ, ಆ ಮದ್ದು ಸಿಡಿಯಿತು. ಸಿಡಿಲು ಬಡಿದು ಹೊತ್ತಿಕೊಂಡಿತೆಂದು ಹೇಳುತ್ತಾರೆ. ಒಂದು ಮೀನಾರು, ಮುಂಬಾಗಿಲು, ಅದರ ಹಿಂದಿನ ದೊಡ್ಡ ಭಾಗ ನೆಲಕ್ಕೊರಗಿದುವು.

ಇಂಥದೇ ಇನ್ನೊಂದು ಸ್ಫೋಟ ಬೀದರದಲ್ಲಿ ಅದಕ್ಕೆ ಮೊದಲೇ ಆಗಿತ್ತು. 1657ರ ಮುತ್ತಿಗೆಯಲ್ಲಿ ಕೋಟೆಯನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನನ ಬಳಿಯಿದ್ದ ಮದ್ದಿನ ರಾಶಿಗೆ ಕಿಡಿ ಬಿದ್ದು, ಆತನೂ ಆತನ ಮಕ್ಕಳೂ ಸುಟ್ಟು ಗಾಯಗೊಂಡರು. ಅದೇ ಗಾಯದಿಂದ ಮರ್ಜಾನ ತೀರಿಕೊಂಡ. ಆದರೆ ಅದು ಯುದ್ಧ, ಅದು ಕೋಟೆ. ಕೋಟೆಯಲ್ಲಿ ಮದ್ದಿರುವುದು ಸಹಜ; ಅಲ್ಲಿರುವವನಿಗೆ ತಾನು ಯಾವುದರ ಪಕ್ಕದಲ್ಲಿ ಮಲಗಿದ್ದೇನೆಂಬ ಅರಿವಿರುತ್ತದೆ. ವಿದ್ಯಾಲಯದ ಕಥೆ ಬೇರೆ. ಓದುವುದಕ್ಕೆಂದು ಕಟ್ಟಿದ ಕೋಣೆಗೆ ಮದ್ದಿನ ಚೀಲ ಹೊರಿಸಿದವರು ಯಾರು? ಬೀಗದ ಕೈ ಯಾರ ನಡುವಿನಲ್ಲಿತ್ತು? ಸಿಡಿಲನ್ನು ದೂರಿ ನಾವು ಸುಮ್ಮನಾಗಿದ್ದೇವೆ. ಸಿಡಿಲು ಮೀನಾರಿಗೆ ಬಡಿದರೆ ಕೆಲವು ಹೆಂಚು ಉದುರಬಹುದು. ಅರ್ಧ ಕಟ್ಟಡ ಕುಸಿಯಬೇಕಾದರೆ ಒಳಗೆ ಯಾರೋ ಏನನ್ನೋ ತಂದಿಟ್ಟಿರಬೇಕು.

ಈ ಹಳೆಯ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಬೀದರ, ಭಾಲ್ಕಿ, ಔರಾದಗಳಲ್ಲಿ ಇಂದು ಕಾಲೇಜುಗಳು ಅನೇಕ. ಇಂಜಿನಿಯರಿಂಗ್ ಉಂಟು, ವೈದ್ಯಕೀಯ ಉಂಟು, ಪಶುವೈದ್ಯ ಉಂಟು, ಪದವಿ ಕಾಲೇಜುಗಳಂತೂ ಸರಿಯೇ. ಒಂದೊಂದರಲ್ಲೂ ಬೀಗ ಹಾಕಿದ ಒಂದು ಕೋಣೆಯಿರುತ್ತದೆ. ಅದರೊಳಗೆ ಗಂಧಕಾಮ್ಲ, ನೈಟ್ರಿಕ್ ಆಮ್ಲ, ಈಥರು, ಸ್ಪಿರಿಟ್, ಪಾದರಸ, ಗ್ಯಾಸಿನ ಸಿಲಿಂಡರು. ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬಾರದು ಎಂಬ ಶಾಸ್ತ್ರ ಪಾಠದ ಪುಸ್ತಕದಲ್ಲಿದೆ. ಕಪಾಟಿನಲ್ಲಿ ಮಾತ್ರ ಬಾಟಲಿಗಳು ಇಂಗ್ಲಿಷ್ ಅಕಾರಾದಿಯಲ್ಲಿ ನಿಂತಿರುತ್ತವೆ. ಅಸೆಟೋನಿನಂಥ ಉರಿಯುವ ದ್ರವದ ಮಗ್ಗುಲಲ್ಲೇ, ಉರಿಗೆ ಉಸಿರು ಕೊಡುವ ಅಮೋನಿಯಂ ನೈಟ್ರೇಟು. ಹುಡುಕುವುದಕ್ಕೆ ಸುಲಭ ಎಂಬುದೊಂದೇ ಅದರ ಗುಣ.

ನಾನು ಹಲವು ವರ್ಷ ರಸಾಯನಶಾಸ್ತ್ರ ಪಾಠ ಹೇಳಿದವನು. ನಾನಿದ್ದ ಕಾಲೇಜುಗಳಲ್ಲಿ ಒಂದರ ಪ್ರಯೋಗಾಲಯದ ಅಟೆಂಡರು ಔರಾದ ಕಡೆಯವರು. ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ಉರ್ದು, ನಮ್ಮೊಡನೆ ಕನ್ನಡ. ಇಂಗ್ಲಿಷ್ ಅಕ್ಷರಗಳ ಪರಿಚಯ ಅಷ್ಟಕ್ಕಷ್ಟೆ. ಬಾಟಲಿಗಳನ್ನು ಹೇಗೆ ಗುರುತಿಸುತ್ತೀರಿ ಎಂದು ನಾನೊಮ್ಮೆ ಕೇಳಿದಾಗ ಅವರು ನಕ್ಕು, “ವಾಸನಿ ಮ್ಯಾಲ ಗುರ್ತು ಹಿಡೀತೀನ್ರಿ ಸರ, ತೇಜಾಬ್ ಯಾವುದು ಅಂತ ಮೂಗಿಗೇ ಗೊತ್ತಾಗ್ತದ,” ಎಂದರು. ಮಾತಿನಲ್ಲಿ ಹೆಮ್ಮೆಯಿತ್ತು, ಅದು ತಪ್ಪಲ್ಲ, ಅನುಭವದಿಂದ ಬಂದ ಹೆಮ್ಮೆ. ಆದರೆ ಅತಿ ಅಪಾಯದ ಆಮ್ಲವಾದ ಪ್ರಬಲ ಗಂಧಕಾಮ್ಲಕ್ಕೆ ವಾಸನೆಯೇ ಇಲ್ಲ. ಇನ್ನು ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡು: ಹಳಬರಿಗೆ ಕಿಪ್ ಉಪಕರಣ ನೆನಪಿರಬಹುದು. ಆ ಅನಿಲ ಸ್ವಲ್ಪವಿದ್ದಾಗ ನಾರುತ್ತದೆ. ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ. ನಾತ ನಿಂತಿತು, ಇನ್ನು ಭಯವಿಲ್ಲ ಎಂದು ಮನುಷ್ಯ ಅಂದುಕೊಳ್ಳುವ ಗಳಿಗೆಯೇ ಅವನ ಕೊನೆಯ ಗಳಿಗೆಯಾಗಬಹುದು.

ಎರಡು ವರ್ಷಗಳ ಬಳಿಕ ಅವರ ಬಲಗಣ್ಣಿಗೆ ಆಮ್ಲ ಸಿಡಿಯಿತು. ಹೆಸರಿನ ಚೀಟಿ ಅಳಿಸಿಹೋಗಿದ್ದ ಬಾಟಲಿ ಅದು. ಕಣ್ಣು ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು. ಆಗ ಕಚೇರಿಯಲ್ಲಿ ನಡೆದ ಚರ್ಚೆಯನ್ನು ನಾನು ಮರೆತಿಲ್ಲ. ಅಟೆಂಡರು ಕನ್ನಡಕ ಧರಿಸಿದ್ದರೇ? ಇಲ್ಲ. ಕನ್ನಡಕವನ್ನು ಕಾಲೇಜು ಕೊಟ್ಟಿತ್ತೇ? ಅದೂ ಇಲ್ಲ. ಖರೀದಿಯ ಪಟ್ಟಿಯಲ್ಲಿ ಬರೆದವರುಂಟು, ಹಣ ಸಾಲದೆಂದು ಹೊಡೆದು ಹಾಕಿದವರುಂಟು. ಹೊಣೆ ವಿಭಾಗದ ಮುಖ್ಯಸ್ಥರಿಂದ ಪ್ರಾಚಾರ್ಯರಿಗೆ, ಅವರಿಂದ ಆಡಳಿತ ಮಂಡಳಿಗೆ, ಅಲ್ಲಿಂದ ಮತ್ತೆ ಮುಖ್ಯಸ್ಥರಿಗೆ ಸುತ್ತಿ ಬಂದಿತು. ಎಲ್ಲರೂ ಸಂಭಾವಿತರೇ. ಕೊನೆಗೆ ಒಂದಿಷ್ಟು ಚಂದಾ ಎತ್ತಿ ಕೊಟ್ಟೆವು. ಚಂದಾ ಎಂಬುದು ದಯೆಯಿಂದ ಬರುವ ಹಣ. ಪರಿಹಾರವೆಂಬುದು ಹಕ್ಕಿನಿಂದ ಬರುವುದು. ಅದನ್ನು ಪಡೆಯಲು ಬಂದ ಆ ಮನುಷ್ಯ ಕೈಮುಗಿದು ನಿಂತಿದ್ದರು. ಆ ನಿಲುವಿನಲ್ಲಿಯೇ ವ್ಯತ್ಯಾಸ ಕಾಣುತ್ತಿತ್ತು.

ಕಾನೂನು ಏನೆನ್ನುತ್ತದೆ ಎಂದು ಕೇಳುವಿರಾದರೆ, ಅದು ಈ ವಿಷಯದಲ್ಲಿ ಬಹಳ ಕಾಲ ಅರೆಗಣ್ಣು ಮುಚ್ಚಿಕೊಂಡಿತ್ತು. 1948ರ ಕಾರ್ಖಾನೆಗಳ ಕಾಯಿದೆಯನ್ನು ಬರೆದವರ ಕಣ್ಣೆದುರು ಇದ್ದದ್ದು ಗಿರಣಿಯ ಚಿಮಣಿ, ಕಾಲೇಜಿನ ಗಂಟೆಯಲ್ಲ. 1963ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಶಿಕ್ಷಣ ಕೈಗಾರಿಕೆಯಲ್ಲ ಎಂದಿತು. ನಮ್ಮ ಬೆಂಗಳೂರು ನೀರು ಸರಬರಾಜು ಮಂಡಳಿಯ ನೌಕರರ ಮೊಕದ್ದಮೆಯಲ್ಲಿ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬರೆದ ಪ್ರಮುಖ ತೀರ್ಪು ಆ ಮಾತನ್ನು ತಿರುವಿ ಹಾಕಿತು, ವಿದ್ಯಾಸಂಸ್ಥೆಯೂ ಕೈಗಾರಿಕೆಯೆನಿಸಿಕೊಂಡಿತು. ಹತ್ತು ವರ್ಷಗಳ ಮೇಲೆ, 1988ರಲ್ಲಿ, ಗೋವೆಯ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ ಇನ್ನೊಂದು ತಿರುವು: ಶಾಲೆ ಕೈಗಾರಿಕೆಯಾದರೂ ಶಿಕ್ಷಕಿ ಕಾರ್ಮಿಕಳಲ್ಲ! ನಗು ಬರುವ ಮಾತೇ ಸರಿ. ಕಸ ಗುಡಿಸುವವರೂ ಗುಮಾಸ್ತರೂ ಕಾರ್ಮಿಕರು. ಅದೇ ಪ್ರಯೋಗಾಲಯದ ಅದೇ ಹೊಗೆಯನ್ನು ಕುಡಿಯುವ ಅಧ್ಯಾಪಕ ಬೇರೆ ಜಾತಿ. ಇನ್ನು ವಿದ್ಯಾರ್ಥಿಯೋ, ಅವನು ಸಂಬಳ ಪಡೆಯುವವನಲ್ಲವಾದ್ದರಿಂದ 1923ರ ಪರಿಹಾರ ಕಾಯಿದೆಯ ಹೊಸ್ತಿಲನ್ನೂ ತುಳಿಯಲಾರದವನಾಗಿದ್ದ.

ಇಂಗ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. 1972ರಲ್ಲಿ ಲಾರ್ಡ್ ರಾಬೆನ್ಸ್ ಅವರ ಸಮಿತಿ ವರದಿ ಕೊಟ್ಟಿತು. 1974ರಲ್ಲಿ ಬಂದ ಕಾಯಿದೆ, ಕೆಲಸ ನಡೆಯುವ ಪ್ರತಿಯೊಂದು ಸ್ಥಳವನ್ನೂ ಒಳಗೆ ತಂದಿತು. ನೌಕರನಲ್ಲದವನೂ ಆ ಕೆಲಸದಿಂದ ಅಪಾಯಕ್ಕೊಳಗಾಗಬಾರದೆಂದು ಹೇಳಿತು. ವಿದ್ಯಾರ್ಥಿಗೆ ನೆರಳು ಸಿಕ್ಕಿದ್ದು ಆ ಮಾತಿನಿಂದ. ನಮ್ಮಲ್ಲಿ 1984ರ ಭೋಪಾಲದ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ ಬಿಗಿ ಬಂದಿತು. ಕಾಲೇಜಿನ ಗೇಟಿನವರೆಗೆ ಅದು ಬರಲಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹದಿಮೂರು ಕಾಯಿದೆಗಳನ್ನು ಕೂಡಿಸಿ ಕಟ್ಟಿದ ಈ ಸಂಹಿತೆಯಲ್ಲಿ ನನ್ನ ಗಮನ ಸೆಳೆದ ಒಂದು ಮಾತುಂಟು: ಕೆಲಸದ ಆವರಣದಲ್ಲಿ ಇರುವವರು ಮಾಲೀಕನಿಗೆ ತಿಳಿದೇ ಇರಲಿ, ತಿಳಿಯದೆ ಇರಲಿ, ಅವರ ಕ್ಷೇಮದ ಹೊಣೆ ಅವನದು. ಆದರೆ ಅದರ ಜೊತೆಗೇ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ದಾನಧರ್ಮ, ಸಮಾಜಸೇವೆಗಳಲ್ಲಿ ತೊಡಗಿದವರು ನಡೆಸುವ ಸಂಸ್ಥೆಗಳನ್ನು ಕೈಗಾರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಮಠಗಳೂ ಧರ್ಮದರ್ಶಿ ಮಂಡಳಿಗಳೂ ಕಾಲೇಜು ಕಟ್ಟಿದ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ವಕೀಲರಿಗೆ ಇನ್ನೂ ಬಹಳ ದಿನ ಕೆಲಸವಿದೆ.

ದೊಡ್ಡ ಸಂಸ್ಥೆಗಳಲ್ಲಿ ಹೀಗಾಗದು ಎನ್ನುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಿಂತ ದೊಡ್ಡದು ನಮ್ಮ ನಾಡಿನಲ್ಲಿ ಯಾವುದಿದೆ? 2018ರ ಡಿಸೆಂಬರ್ 5ರಂದು ಅಲ್ಲಿಯ ಆಘಾತ ತರಂಗಗಳ ಪ್ರಯೋಗಾಲಯದಲ್ಲಿ ಅನಿಲದ ಸ್ಫೋಟವಾಯಿತು. ಹೈಡ್ರೋಜನ್ ಸಿಲಿಂಡರಿನದೆಂದು ಅಂದು ಹೇಳಿದರು. ಒಬ್ಬ ಯುವ ಸಂಶೋಧಕ ಸ್ಥಳದಲ್ಲೇ ತೀರಿಕೊಂಡ, ಮೂವರು ಗಾಯಗೊಂಡರು. ಅವರು ಸಂಸ್ಥೆಯ ನೌಕರರಾಗಿರಲಿಲ್ಲ. ಅಲ್ಲಿಯೇ ಕೆಲಸ ಮಾಡುತ್ತಿದ್ದ ಒಂದು ಕಂಪನಿಗೆ ಸೇರಿದವರು. ಸೂರು ಒಬ್ಬರದು, ಸಂಬಳ ಇನ್ನೊಬ್ಬರದು. ಇಂದು ಪ್ರತಿ ಕಾಲೇಜಿನಲ್ಲೂ ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ಜವಾನರು, ಗುತ್ತಿಗೆದಾರನ ಕಾವಲುಗಾರರು ತುಂಬಿರುವಾಗ ‘ನಮ್ಮವರಲ್ಲ’ ಎಂಬ ಮಾತು ಎಷ್ಟು ಸುಲಭವಾಗಿ ನಾಲಗೆಗೆ ಬರುತ್ತದೆಂಬುದನ್ನು ನೀವೇ ಊಹಿಸಬಹುದು.

ಅಪಾಯವೆಲ್ಲ ಸಿಡಿದೇ ಬರುವುದಿಲ್ಲ. ಬೀದರದ ನಂದಿನಗರದಲ್ಲಿ ಪಶುವೈದ್ಯ ಶಿಕ್ಷಣ ನಡೆಯುತ್ತದೆ. ಸುತ್ತಣ ಹಳ್ಳಿಗಳ ದೇವಣಿ ದನಗಳು ಚಿಕಿತ್ಸೆಗೆ ಬರುತ್ತವೆ. ಕಂದು ಹಾಕಿದ ಹಸುವಿನ ಕಸ ತೆಗೆಯುವ ಕೈಗೆ ಗವುಸು ಇಲ್ಲದಿದ್ದರೆ ಬ್ರುಸೆಲ್ಲಾ ಎಂಬ ರೋಗಾಣು ಮನುಷ್ಯನಿಗೆ ಬರುತ್ತದೆ. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು. ಮಲೇರಿಯವೋ ಸಂಧಿವಾತವೋ ಎಂದು ತಿಳಿದು ಔಷಧ ಮಾಡುತ್ತ ಹೋಗುತ್ತಾರೆ. ಹುಚ್ಚುನಾಯಿ ರೋಗಕ್ಕೆ ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ಲಸಿಕೆಯುಂಟು; ಈ ವಿದ್ಯೆಯ ವಿದ್ಯಾರ್ಥಿಗೂ ದನ ಹಿಡಿದು ನಿಲ್ಲುವ ಸಹಾಯಕನಿಗೂ ಅದು ಪುಸ್ತಕದಷ್ಟೇ ಅಗತ್ಯ. ಅಂಗರಚನೆಯ ಕೋಣೆಯಲ್ಲಿ ಕಣ್ಣು ಉರಿಸುವ ಫಾರ್ಮಲಿನ್ನು ಮನುಷ್ಯನಿಗೆ ಕ್ಯಾನ್ಸರ್ ತರಬಲ್ಲುದೆಂದು ಅಂತರರಾಷ್ಟ್ರೀಯ ಸಂಶೋಧನಾ ಮಂಡಳಿ 2004ರಲ್ಲಿ ನಿರ್ಣಯಿಸಿತು. ಕಿಟಕಿ ತೆರೆಯುವುದಕ್ಕೆ ಖರ್ಚಿಲ್ಲ. ಆದರೆ ಕಿಟಕಿ ಬೇಕಲ್ಲ!

ಇನ್ನು ನೀರಿನ ಮಾತು. ಕಣ್ಣಿಗೆ ಆಮ್ಲ ಬಿದ್ದರೆ ಕೂಡಲೇ ಹದಿನೈದು ನಿಮಿಷ ಬಿಡದೆ ತೊಳೆಯಬೇಕು. ಔರಾದದಿಂದ ಬೀದರದ ದೊಡ್ಡ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರು. ಭಾಲ್ಕಿಯಿಂದಲೂ ಹೆಚ್ಚುಕಡಮೆ ಅಷ್ಟೇ. ಕಣ್ಣು ಉಳಿಯುವುದು ಜೀಪಿನ ವೇಗದಿಂದಲ್ಲ, ಆ ಮೊದಲ ಹದಿನೈದು ನಿಮಿಷಗಳಿಂದ. ಆದರೆ ಏಪ್ರಿಲ್ ತಿಂಗಳಿನಲ್ಲಿ ನಲ್ಲಿ ತಿರುವಿದರೆ ಬರುವುದು ಗಾಳಿ. ನಿಮಿಷಕ್ಕೆ ಒಂದೂವರೆ ಲೀಟರಿನಂತೆ ಲೆಕ್ಕ ಹಾಕಿದರೆ ಬೇಕಾಗುವುದು ಇಪ್ಪತ್ತೆರಡೂವರೆ ಲೀಟರು, ಎಂದರೆ ಸುಮಾರು ಎರಡು ಕೊಡ. ದಿನವೂ ಬದಲಿಸಿದ ಎರಡು ಕೊಡ ಶುದ್ಧ ನೀರು, ಮೇಲೊಂದು ತಟ್ಟೆ, ಪಕ್ಕದಲ್ಲಿ ತಂಬಿಗೆ. ಇದಕ್ಕೆ ಅನುದಾನದ ಅರ್ಜಿ ಬೇಕಿಲ್ಲ. ಬಾಟಲಿಯ ಮೇಲಿನ ಹೆಸರೂ ಹಾಗೆಯೇ. ಬಿದರಿ ಕಲೆಯ ಕುಶಲಿಗಳು ಮೈಲುತುತ್ತ, ನವಸಾಗರ ಎಂದು ಕರೆದೇ ತಮ್ಮ ವಸ್ತುಗಳನ್ನು ಬಲ್ಲವರು. ಇಂಗ್ಲಿಷಿನ ಕೆಳಗೆ ‘ತೇಜಾಬ್’ ಎಂದು ಕನ್ನಡದಲ್ಲೂ ದೇವನಾಗರಿಯಲ್ಲೂ ಉರ್ದುವಿನಲ್ಲೂ ಬರೆದು ಅಂಟಿಸಿದರೆ ರಸಾಯನಶಾಸ್ತ್ರದ ಮಾನವೇನೂ ಹೋಗುವುದಿಲ್ಲ.

ಒಂದು ಕೊನೆಯ ವಿಷಯ, ಹೇಳಲು ಹಿತವಲ್ಲದ್ದು. ಹಾಸ್ಟೆಲಿನ ಹಿಂದೆ ಮಲದ ಗುಂಡಿಯಿರುತ್ತದೆ. ಕಟ್ಟಿಕೊಂಡಾಗ ಯಾರನ್ನೋ ಕರೆತರುತ್ತಾರೆ. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ನಾನು ಮೊದಲು ಹೇಳಿದ ಕಿಪ್ ಉಪಕರಣದ ಅನಿಲವೇ ಆ ಗುಂಡಿಯಲ್ಲಿಯೂ ಇದೆ. ರಕ್ಷಣೆಯಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಒಳಚರಂಡಿಯಲ್ಲಿ ಸತ್ತವನ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ಆದೇಶಿಸಿತು. ಬೀದರದ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಕಾಲುವೆ, ಕಾರೇಜು, ಇದೆ. ನೆಲದಡಿಯಲ್ಲಿ ಜಂಬಿಟ್ಟಿಗೆ ಕಡಿದು ಕಿಲೋಮೀಟರುಗಟ್ಟಲೆ ನೀರು ಹರಿಸಿದವರು ದಾರಿಯುದ್ದಕ್ಕೂ ಬಾವಿಯಂಥ ಕಿಂಡಿಗಳನ್ನು ಮೇಲಿನವರೆಗೆ ತೋಡಿದ್ದಾರೆ. ಮಣ್ಣು ಮೇಲೆತ್ತುವುದಕ್ಕೆ, ನೀರು ಸೇದುವುದಕ್ಕೆ, ಒಳಗೆ ಕೆಲಸ ಮಾಡುವವನಿಗೆ ಗಾಳಿ ಬೆಳಕು ಬರುವುದಕ್ಕೆ. ಕೆಳಗೆ ಇಳಿದವನು ಉಸಿರಾಡುತ್ತಾನೆಂಬುದು ಆ ಅಗೆತದ ಲೆಕ್ಕದಲ್ಲಿಯೇ ಸೇರಿತ್ತು.