ರೆಕ್ಕೆ ಮುಚ್ಚೋ ಮುಂಚೆ

ಪೆರುಂಗುಡಿಯ ಒಂದು ಬಾಡಿಗೆ ಶೆಡ್ಡಿನಲ್ಲಿ ನಾನೂ ನನ್ನ ತಮ್ಮನೂ ಎರಡು ಸೀಟಿನ ಕಿಟ್ ವಿಮಾನ ಕಟ್ತಿದ್ದೇವೆ. ನೋಡೋಕೆ ಬಂದವರೆಲ್ಲ ಕೇಳೋದು ಒಂದೇ: "ಇಂಜಿನ್ ಯಾವಾಗ ಸಾರ್?"

ಇಂಜಿನ್ ಕೊನೆಗೆ. ಬೇಗ ತಂದಿಟ್ಟರೆ ಇಲ್ಲಿನ ಉಪ್ಪು ಗಾಳಿಗೆ ಒಳಗೇ ತುಕ್ಕು ಹಿಡಿಯುತ್ತೆ. ಮೊದಲು ಬಾಲ. ಅದು ಚಿಕ್ಕದು, ರಿವೆಟ್ ಹೊಡೆಯೋದನ್ನ ಅದರಲ್ಲೇ ಕಲೀಬಹುದು, ಕೆಟ್ಟರೂ ನಷ್ಟ ಕಡಿಮೆ. ಆಮೇಲೆ ರೆಕ್ಕೆ, ಆಮೇಲೆ ಒಡಲು.

ಇಷ್ಟು ಕಿಟ್ ಜೊತೆ ಬರೋ ಪುಸ್ತಕದಲ್ಲೇ ಇದೆ. ನಾನು ಪೆಟ್ಟು ತಿಂದು ಕಲಿತದ್ದು ಬೇರೆ. ಎಡ ರೆಕ್ಕೆಯ ಕೆಳಗಿನ ತಗಡು ಮುಚ್ಚಿದ ಸಂಜೆ ತಮ್ಮ ಕೇಳಿದ: "ಅಣ್ಣ, ತುದಿ ಲೈಟಿನ ವೈರ್ ಹೋಗೋ ಪೈಪು ಹಾಕಿದ್ಯಾ?" ಹಾಕಿರಲಿಲ್ಲ. ಹೊಡೆದ ರಿವೆಟ್ಟುಗಳನ್ನು ಒಂದೊಂದಾಗಿ ಕೊರೆದು ತೆಗೆಯೋಕೆ ಮೂರು ಭಾನುವಾರ ಹೋಯ್ತು. ತೂತು ದೊಡ್ಡದಾದ ಕಡೆ ಒಂದು ಸೈಜ್ ದಪ್ಪ ರಿವೆಟ್ ಬೇಕಾಯ್ತು.

ಮುಂಬೈಯ ಪೈಲಟ್ ಅಮೋಲ್ ಯಾದವ್ ತಾರಸಿ ಮೇಲೆ ಕಟ್ಟಿದ ವಿಮಾನವನ್ನು 2016ರಲ್ಲಿ ಕ್ರೇನ್ ತರಿಸಿ ಇಳಿಸಿದರು. ನಮ್ಮ ಶೆಡ್ಡಿನ ಬಾಗಿಲೂ ಚಿಕ್ಕದೇ. ಹಾಗಾಗಿ ರೆಕ್ಕೆ ಜೋಡಿಸೋದು ಏರ್‌ಫೀಲ್ಡಿನಲ್ಲಿ ಅಂತ ಈಗಲೇ ಬರೆದಿಟ್ಟಿದ್ದೇವೆ.

ಈಗ ಪ್ರತಿ ತಗಡಿಗೂ ಒಂದೇ ಪ್ರಶ್ನೆ: ಇದನ್ನು ಮುಚ್ಚಿದ ಮೇಲೆ ಕೈ ಎಲ್ಲಿಗೆ ಹೋಗಲ್ಲ? ಅಲ್ಲಿನ ಕೆಲಸವೆಲ್ಲ ಮೊದಲು. ತಮ್ಮ ನೋಡಿ ಸಹಿ ಹಾಕಿದ ಮೇಲೇ ರಿವೆಟ್. ನಾಳೆ ಅದರೊಳಗೆ ಕೂರೋರು ನಾವಿಬ್ಬರೇ ತಾನೇ?